ವಿಶ್ರಾಂತಿಗೆ ಎದ್ದ ಮಾವ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಸೋದರಮಾವ ಮಂಚದಿಂದ ಎದ್ದು ನಿಂತರು. ಕೋಲಾರದ ಬಸ್ಸಿಗೆ ಹೊತ್ತಾಯಿತೇ ಎಂದು ನಾನು ಆಗಷ್ಟೇ ಗಡಿಯಾರ ನೋಡಿದ್ದೆ. ಅವರ ಕಣ್ಣಿಗೆ ನಾನೇ ತಂದು ಹಾಕಿದ ವಿಡಿಯೋ ಕನ್ನಡಕವಿತ್ತು. ಹತ್ತು ಹೆಜ್ಜೆ ಮುಂದೆ, ಹಿಪ್ಪುನೇರಳೆ ಸಾಲಿನ ತುದಿಯಲ್ಲಿ, ಕಟ್ಟೆಯಿಲ್ಲದ ಬಾವಿ.

ಬೈರಕೂರಿನ ಈ ಮಾವನ ಮನೆಯಲ್ಲೇ ನಾನು ಎಂಟನೇ ತರಗತಿಯವರೆಗೆ ಬೆಳೆದದ್ದು. ಶನಿವಾರ ಸಂಜೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು ಟೆಂಟ್ ಸಿನಿಮಾಕ್ಕೆ ಹೋಗುತ್ತಿದ್ದರು. ಮರಳಿನ ಮೇಲೆ ಅವರ ಟವೆಲ್ಲೇ ನಮಗೆ ಚಾಪೆ. ಅರ್ಧ ಸಿನಿಮಾಕ್ಕೆ ಪರದೆಯ ಮೇಲೆ ‘ವಿಶ್ರಾಂತಿ’ ಎಂದು ಮೂಡಿದರೆ ಸಾಕು, ದೀಪ ಹತ್ತುವ ಮುಂಚೆಯೇ ಎದ್ದುಬಿಡುತ್ತಿದ್ದರು.

“ಬೇಗ ಬಾರೇ, ಗೋಲಿಸೋಡ ಖಾಲಿ ಆಗೋಯ್ತದೆ!”

ಆ ಕತ್ತಲಲ್ಲಿ ಯಾರ ಕಾಲನ್ನೂ ತುಳಿಯದೆ ನಡೆಯುತ್ತಿದ್ದರು. ಅವರ ಕೈ ಹಿಡಿದು ನಾನು ಬೇಕೆಂದೇ ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದೆ. ಒಮ್ಮೆಯೂ ಎಡವಲಿಲ್ಲ.

ಟೆಂಟ್ ಎತ್ತಂಗಡಿಯಾಗಿ ಎಷ್ಟೋ ಕಾಲವಾಯಿತು. ಮೊಬೈಲಿನಲ್ಲಿ ಹಳೆಯ ಚಿತ್ರ ಹಾಕಿಕೊಟ್ಟರೆ, “ಅಂಗೈಯಗಲದ್ದು ಸಿನಿಮಾನಾ?” ಎಂದು ಮುಖ ತಿರುಗಿಸುತ್ತಿದ್ದರು. ಅದಕ್ಕೇ, ಹಾಕಿಕೊಂಡರೆ ಕಣ್ಣೆದುರು ದೊಡ್ಡ ಪರದೆ ಕಾಣುವ ಆ ಕನ್ನಡಕ ತಂದೆ. ಹುಣಸೆಮರದಡಿಯ ಮಂಚದ ಮೇಲೆ ಅವರನ್ನು ಕೂರಿಸಿ, ವೈರನ್ನು ಮೊಬೈಲಿಗೆ ಸಿಕ್ಕಿಸಿದೆ. ಜಾರದಂತೆ ಮೂಗಿನ ಮೇಲಿನ ರಬ್ಬರ್ ಮೆತ್ತೆ ಬದಲಿಸಿದೆ. ಒಂದು ಕಣ್ಣು ಮುಚ್ಚಿಸಿ, ಇನ್ನೊಂದಕ್ಕೆ ಅಕ್ಷರ ತಿಳಿಯಾಗುವವರೆಗೆ ಮೇಲಿನ ತಿರುಪು ತಿರುಗಿಸಿದೆ. ಆಮೇಲೆ ಮತ್ತೊಂದಕ್ಕೆ.

“ಅಬ್ಬೋ! ಟೆಂಟೇ ಬಂದು ಮುಂದೆ ನಿಂತೈತೆ ಕಣಮ್ಮಾ!”

“ಕೂತ್ಕೊಂಡೇ ನೋಡ್ಬೇಕು ಮಾವ. ಹಾಕ್ಕೊಂಡು ಓಡಾಡಂಗಿಲ್ಲ. ಅರ್ಧ ಗಂಟೆಗೊಂದ್ಸಲ ತೆಗೆದು ಕಣ್ಣಿಗೆ ಬಿಡುವು ಕೊಡ್ಬೇಕು.”

“ಸರಿಲೇಮ್ಮಾ. ಈ ವಯಸ್ನಾಗೆ ಇದ್ ಹಾಕ್ಕೊಂಡು ಡ್ಯಾನ್ಸ್ ಮಾಡ್ತೀನಾ?”

ಹೇಳಿದ್ದೆಲ್ಲ ಸರಿಯಾಗಿತ್ತು. ಮಾಡಿದ್ದರಲ್ಲಿ ಎರಡು ತಪ್ಪಿದ್ದವು. ಬಿಸಿಲಿಗೆ ಚಿತ್ರ ಮಂಕಾಯಿತೆಂದು ಗಾಜಿನ ಮುಂದೆ ಕಪ್ಪು ಮುಚ್ಚಳ ಹಾಕಿದೆ. ಹೊರಗಿನದೇನೂ ಅವರಿಗೆ ಕಾಣದಂತಾಯಿತು. ವೈರು ಎಳೆಯದಿರಲೆಂದು ಮೊಬೈಲನ್ನು ಅವರ ಜೇಬಿನಲ್ಲಿಟ್ಟೆ. ಅದು ಮಂಚದ ಮೇಲಿದ್ದಿದ್ದರೆ ಎದ್ದ ಕೂಡಲೇ ವೈರು ಜಗ್ಗಿ ಎಚ್ಚರಿಸುತ್ತಿತ್ತು.

ಅವರು ಎದ್ದಾಗ ನಾನು ಜಗಲಿಯಲ್ಲಿ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. “ಮಾವಾ!” ಎಂದು ಕೂಗಿದೆ. ಕಿವಿಯ ಪಕ್ಕದಲ್ಲೇ ಸಿನಿಮಾದ ಸದ್ದು, ಅವರಿಗೆ ಕೇಳಿಸಲಿಲ್ಲ. ಎಡಗೈಯನ್ನು ಹಿಂದಕ್ಕೆ ಚಾಚಿ, ಯಾರದೋ ಬೆರಳು ಹಿಡಿಯುವವರಂತೆ ನಡೆಯುತ್ತಿದ್ದರು. ಓಡಿದೆ. ಆ ಕೈಯನ್ನೇ ಹಿಡಿದು ಎಳೆದೆ. ಇಬ್ಬರೂ ಮಣ್ಣಿನ ಮೇಲೆ ಬಿದ್ದೆವು. ಅವರ ಕಾಲಿಗೆ ತಾಗಿದ ಕಲ್ಲೊಂದು ಉರುಳಿತು. ಅದು ನೀರಿಗೆ ಬಿದ್ದ ಸದ್ದು ಬರಲು ತಡವಾಯಿತು.

ಮಾವ ಕನ್ನಡಕ ಕಿತ್ತು ಬಾವಿ ನೋಡಿದರು. “ವಿಶ್ರಾಂತಿ ಅಂತ ಬಂತು ಕಣಮ್ಮಾ. ಸೋಡಾಕ್ಕೆ ಹೊರಟೆ.”

ಓಡಿಬಂದ ಅತ್ತೆ ಏದುಸಿರಿನಲ್ಲೇ, “ಬಾವಿಯೊಳಗೆ ಯಾವೋನು ಸೋಡಾ ಅಂಗಡಿ ಇಟ್ಟವ್ನೆ?” ಎಂದು ಬೈದು, ಅಲ್ಲೇ ಕುಸಿದು ಕೂತು ಅತ್ತರು.

ಅಂದು ಬಸ್ಸಿಗೆ ಹೋಗಲಿಲ್ಲ. ಆಮೇಲೂ ಕೋಲಾರದ ನನ್ನ ಮನೆಯಲ್ಲಿ ರಾತ್ರಿ ಕಣ್ಣು ಮುಚ್ಚಿದರೆ ಆ ಕಲ್ಲು ಉರುಳಿ ನಿದ್ದೆ ಹಾರುತ್ತಿತ್ತು. ಈಗಲೂ ಹಗಲಿನಲ್ಲಿ ಒಮ್ಮೊಮ್ಮೆ ಹೆಜ್ಜೆ ಎಣಿಸುತ್ತೇನೆ: ಎಂಟು, ಒಂಬತ್ತು.

ಬಾವಿಗೆ ಸೊಂಟದೆತ್ತರದ ಕಲ್ಲುಕಟ್ಟೆ ಕಟ್ಟಿಸಿದ ಮೇಲೆ, ಒಂದು ಭಾನುವಾರ ಮಾವ ತಾವೇ ಕನ್ನಡಕ ಕೇಳಿದರು. ಈ ಸಲ ಮನೆಯೊಳಗೆ, ಗೋಡೆಗೆ ಒರಗಿಸಿ ಕೂರಿಸಿದೆ. ಮುಚ್ಚಳ ಹಾಕಲಿಲ್ಲ. ಪಕ್ಕದಲ್ಲೇ ಅವರ ಕೈ ಹಿಡಿದು ಕೂತೆ. ಅರ್ಧ ಸಿನಿಮಾ ಆಗುತ್ತಲೇ ಆ ಕೈ ಬಿಗಿಯಾಯಿತು, ಎದ್ದೇಬಿಡುತ್ತಾರೆ ಎಂದುಕೊಂಡೆ. ಅವರು ಕೂತಲ್ಲೇ ಕನ್ನಡಕ ತೆಗೆದು ನನ್ನ ಮಡಿಲಲ್ಲಿಟ್ಟರು.

“ಹೋಗಿ ತಗೊಂಡ್ ಬಾರೇ. ಈಗ ನಿನ್ನ ಸರದಿ.”

ಅಂಗಡಿಯಿಂದ ಎರಡು ಸೋಡಾ ತಂದೆ. ಗೋಲಿಯ ಬಾಟಲಿ ಸಿಗಲಿಲ್ಲ. ಆ ಭಾನುವಾರ ಅವರ ಮನೆಯಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಅತ್ತೆ ಕಾಫಿ ಹಿಡಿದು ಎಬ್ಬಿಸುವವರೆಗೆ ನನಗೆ ಎಚ್ಚರವಾಗಲಿಲ್ಲ.