ವಿದ್ಯಾನಿಧಿಯವರು ಮನೆ ನೋಡಲು ಬಂದ ದಿನ

ನಿಮ್ಮ ಮನೆಯವರು ನಿಜವಾಗಿ ಬಡವರು ಹೌದೋ ಅಲ್ಲವೋ ಎಂದು ನೋಡಲು ಯಾರಾದರೂ ಬಂದರೆ, ನೀವು ಹೊಸ ಬಟ್ಟೆ ಹಾಕಿಕೊಳ್ಳುತ್ತೀರೋ, ಹರಿದದ್ದನ್ನೋ? ಹರಿದದ್ದು ಅಂದವರು ಜಾಣರು. ನಮ್ಮ ಮನೆಯಲ್ಲಿ ಅಂಥ ಜಾಣರು ಒಬ್ಬರೂ ಇರಲಿಲ್ಲ.

ನಾನು ಚಿಕ್ಕವಳಿದ್ದಾಗ, ಅಂದರೆ ನನ್ನ ಹಲ್ಲುಗಳು ಮೊದಲನೇ ಸಲ ಬೀಳುತ್ತಿದ್ದ ಕಾಲದಲ್ಲಿ, ನಾವು ಕಳ್ಳಂಬೆಳ್ಳದ ಆಚೆ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದೆವು. ಊರು ದೂರ. ಸುತ್ತಲೂ ಕಡಲೆಕಾಯಿ ಗಿಡ, ಬಿಸಿಲು, ಗಾಳಿ. ಆಡಲು ಇನ್ನೊಂದು ಮಗು ಇರಲಿಲ್ಲ. ನನಗಿದ್ದವಳು ಅಕ್ಕ ಒಬ್ಬಳೇ. ತಲೆ ಬಾಚುವವಳು ಅವಳು, ಕತೆ ಹೇಳುವವಳು ಅವಳು, ನಾನು ಚಿವುಟಿದರೆ ತಿರುಗಿ ಚಿವುಟುವವಳೂ ಅವಳೇ.

ಆ ವರ್ಷ ಅಕ್ಕ ಹತ್ತನೇ ತರಗತಿ ಪಾಸಾದಳು. ಅವಳಿಗೆ ತುಮಕೂರಿನ ಕಾಲೇಜಿನಲ್ಲಿ ಓದುವ ಆಸೆ. ಅಪ್ಪನಿಂದ ಅದು ಆಗದ ಮಾತು. ಶಿರಾದಲ್ಲಿ ಕೆಲವು ಹಿರಿಯರು ಸೇರಿ ಒಂದು ವಿದ್ಯಾನಿಧಿ ಮಾಡಿದ್ದರು. ಕಷ್ಟದಲ್ಲಿರುವ ಮಕ್ಕಳನ್ನು ಕಾಲೇಜಿಗೆ ಅವರೇ ಓದಿಸುತ್ತಿದ್ದರು. ಆದರೆ ಮೊದಲು ಮನೆಗೆ ಬಂದು ಕಣ್ಣಾರೆ ನೋಡುತ್ತಿದ್ದರು. ಭಾನುವಾರ ಬರುತ್ತೇವೆ ಎಂದು ನಮಗೂ ಕಾರ್ಡು ಬಂತು.

ಅಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಓದ್ದೋರು ನಮ್ಮನೆ ಬಾಗ್ಲಿಗೆ ಬತ್ತಾವ್ರೆ. ಬರೀ ಚಾಪೆ ಮ್ಯಾಲೆ ಕೂರ್ಸಕ್ಕಾಯ್ತದಾ?" ಅಂದರು.

ಅಷ್ಟೇ ಸಾಕಾಯಿತು. ಭಾನುವಾರ ಬೆಳಗಿನಿಂದ ಊರಿಗೂ ಹೊಲಕ್ಕೂ ನನ್ನ ಓಡಾಟ ಶುರು. ದೊಡ್ಡಮ್ಮನ ಮನೆಯಿಂದ ಹಿತ್ತಾಳೆ ತಟ್ಟೆ, ಚಿಕ್ಕಪ್ಪನ ರೇಡಿಯೋ, ಪಟೇಲರ ಮನೆಯ ಎರಡು ಕುರ್ಚಿ. ಒಂದು ಕುರ್ಚಿಯನ್ನು ನಾನೇ ತಲೆಯ ಮೇಲೆ ಹೊತ್ತು ತಂದೆ. ಅಂಗಡಿಯವರಿಂದ ಒಂದು ಗೋಡೆ ಗಡಿಯಾರವೂ ಬಂತು. ಅದಕ್ಕೆ ಕೀಲಿ ಕೊಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಇಡೀ ದಿನ ನಾಲ್ಕೂಕಾಲು ತೋರಿಸುತ್ತಾ ನಿಂತಿತ್ತು. ಅವ್ವ ಸೆಗಣಿ ಸಾರಿಸಿ, ತುಪ್ಪ ಸಾಲ ತಂದು ಪಾಯಸ ಮಾಡಿದಳು. ಏಲಕ್ಕಿಯ ಘಮ ಹೊಲದವರೆಗೂ ಹೋಯಿತು.

ಮಧ್ಯಾಹ್ನ ಛತ್ರಿ ಹಿಡಿದ ಒಬ್ಬ ಅಜ್ಜ, ಫೈಲು ಹಿಡಿದ ಒಬ್ಬ ಮೇಷ್ಟ್ರು ಬಂದರು. ಕುರ್ಚಿಯಲ್ಲಿ ಕೂತರು. ಪಾಯಸ ಉಂಡರು. ರೇಡಿಯೋ ನೋಡಿದರು, ಗಡಿಯಾರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಜಾಣೆ, ಆದರೆ ನಿಮಗಿಂತ ಕಷ್ಟದವರು ಇದ್ದಾರೆ, ಅವರಿಗೆ ಮೊದಲು ಕೊಡಬೇಕಲ್ಲವೇ ಎಂದು ಅಜ್ಜ ಮೆಲ್ಲಗೆ ಹೇಳಿ ಎದ್ದರು. ಅಪ್ಪ ಅವರ ಛತ್ರಿ ಎತ್ತಿಕೊಟ್ಟರು. ಬಂದವರ ಮುಂದೆ ಇದೆಲ್ಲ ಎರವಲು ಎನ್ನುವುದು ಹೇಗೆ? ಅವ್ವ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದಳು.

ನಿಜ ಹೇಳಲಾ ಮಕ್ಕಳೇ? ನನಗೆ ಕುಣಿಯುವಷ್ಟು ಖುಷಿಯಾಯಿತು. ಅಕ್ಕ ಹೋಗುವುದಿಲ್ಲ, ಅಕ್ಕ ನನಗೇ. ಓಡಿಹೋಗಿ ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ಬೈಯಲಿಲ್ಲ, ಚಿವುಟಲೂ ಇಲ್ಲ. ಆ ಕೈ ಒದ್ದೆ ಬಟ್ಟೆಯ ಹಾಗೆ ನನ್ನ ಕೈಯಲ್ಲಿ ಸುಮ್ಮನೆ ಬಿದ್ದಿತ್ತು.

ಆಮೇಲೆ ನಾನು ಓಡಿದೆ. ಬದುವಿನ ಮೇಲೆ ಹೊರಟಿದ್ದ ಆ ಇಬ್ಬರನ್ನು ಹಿಡಿದು, ಏದುಸಿರು ಬಿಡುತ್ತಾ, "ತಾತಾ, ಆ ಕುರ್ಚಿ ನಮ್ದಲ್ಲ. ಗಡಿಯಾರಾನೂ ನಮ್ದಲ್ಲ. ನೀವು ಉಂಡ ತಟ್ಟೆನೂ ನಮ್ದಲ್ಲ" ಅಂದೆ.

"ಮತ್ತೆ ನಿಮ್ದು ಏನಮ್ಮ?" ಎಂದರು ಅಜ್ಜ.

"ಅಕ್ಕ ಒಬ್ಳೇಯ" ಅಂದೆ.

ಅವರು ನಗಲಿಲ್ಲ. ನನ್ನ ತಲೆ ಸವರಿ, ಮೇಷ್ಟ್ರ ಕಡೆ ತಿರುಗಿ, ಬರ್ಕೊಳಿ ಎಂದರು.

ಮಳೆ ಶುರುವಾಗುವ ಮುಂಚೆ ಅಕ್ಕ ತುಮಕೂರಿನ ಬಸ್ಸು ಹತ್ತಿದಳು. ನಾನು ಆ ಅಜ್ಜನ ಹಿಂದೆ ಓಡಿದ್ದು ಯಾರಿಗೂ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ. ಅವ್ವ ತಲೆ ಬಾಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಬಾವಿಗೆ ಬಗ್ಗಿ "ಅಕ್ಕಾ" ಅನ್ನುತ್ತಿದ್ದೆ. ಬಾವಿಯೂ ನನ್ನ ಹಾಗೇ ಅಕ್ಕನನ್ನು ಕರೆಯುತ್ತಿತ್ತು, ಓಗೊಡುತ್ತಿರಲಿಲ್ಲ. ರಜೆಗೆ ಬರುವಾಗ ಅಕ್ಕ ನೆಂಟರ ಹಾಗೆ ಬಿಸ್ಕತ್ತು ತರತೊಡಗಿದಳು. ನನಗೆ ಬಿಸ್ಕತ್ತು ಬೇಕಿರಲಿಲ್ಲ. ತಿಂದೆ, ಅದು ಬೇರೆ ಮಾತು.

ಈ ವರ್ಷ ನನ್ನ ಮೊಮ್ಮಗಳಿಗೂ ಇಂಥದೇ ಒಂದು ನಿಧಿಯಿಂದ ಕಾಲೇಜಿನ ವಿದ್ಯಾರ್ಥಿವೇತನ ಬಂತು. ಅವಳೇ ಮನೆಯ ಫೋಟೋ ತೆಗೆದು ಕಳಿಸಿದಳು, ಉತ್ತರ ಫೋನಿಗೇ ಬಂತು, ಹಾಸ್ಟೆಲಿಗೆ ಹೋದಳು. ಅಕ್ಕನ ಕಾಗದಕ್ಕೆ ನಾನು ವಾರಗಟ್ಟಲೆ ಕಾಯುತ್ತಿದ್ದೆ. ಇವಳ ಮುಖ ದಿನಾ ಸಂಜೆ ಫೋನಿನಲ್ಲಿ ಕಾಣುತ್ತದೆ. ಮಾತು ಮುಗಿದ ಮೇಲೆ ಅದೇ ಗಾಜಿನಲ್ಲಿ ನನ್ನ ಮುಖ ಕಾಣುತ್ತದೆ.

ಮೊನ್ನೆ ಒಂದೊಂದೇ ಅಕ್ಷರ ಒತ್ತಿ ಅವಳಿಗೆ ಬರೆದೆ: ನಮ್ಮ ಕಾಲದವರು ಬಿಸಿಲಲ್ಲಿ ನಡೆದು ಬಂದು ವಿಚಾರಿಸುತ್ತಿದ್ದರು, ನಿಮ್ಮವರಿಗೆ ಅಷ್ಟೂ ಪುರುಸೊತ್ತಿಲ್ಲ.

ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು.

"ಅವ್ರು ಮನೆಗೆ ಬರ್ದೇ ಇದ್ದಿದ್ದೇ ಒಳ್ಳೇದಾಯ್ತು ಕಣಜ್ಜಿ. ಬಂದಿದ್ರೆ, ಮಾತಾಡಕ್ಕೆ ಜನ ಸಿಕ್ಕಿದ್ರು ಅಂತ ನೀನು ಅವ್ರನ್ನ ಒಂದ್ ವಾರ ಬಿಡ್ತಾನೇ ಇರ್ಲಿಲ್ಲ."