ಕಾವಲಿನ ಶಾಲೆಗೆ ಬಂದ ಮುಯ್ಯಾಳುಗಳು

ದೊಡ್ಡಉಳ್ಳಾರ್ತಿಯ ಹುಲ್ಲಿನ ಕಾವಲಿಗೆ ಆಗಿನ್ನೂ ಪೂರ್ತಿ ಬೇಲಿ ಬಿದ್ದಿರಲಿಲ್ಲ. ಒಂದು ಕಡೆ ಕುರಿಗಳು ಮೇಯುತ್ತಿದ್ದವು, ಇನ್ನೊಂದು ಕಡೆ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಅವುಗಳ ಜೊತೆಗೇ ಒಂದು ಇಂಟರ್‌ನ್ಯಾಷನಲ್ ಸ್ಕೂಲೂ ಬಂತು. ಸುತ್ತಲ ಹಳ್ಳಿಯ ಕೆಲವು ಮಕ್ಕಳಿಗೆ ಅಲ್ಲಿ ಫೀಸಿಲ್ಲದ ಸೀಟು ಕೊಟ್ಟರು. ಪರೀಕ್ಷೆ ಬರೆದು ಆ ಸೀಟು ಹಿಡಿದವರಲ್ಲಿ ನಾನೂ ಒಬ್ಬಳು. ಶೇಂಗಾ ಹೊಲದಿಂದ ಎದ್ದು, ಕೈಕಾಲಿನ ಮಣ್ಣು ತೊಳೆದುಕೊಂಡು ನೇರ ಅಂಥ ಶಾಲೆಗೆ ಹೋದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನ್ನ ಅವಸ್ಥೆ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಬ್ಬಾ, ಆ ಶಾಲೆ! ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಮೊದಲ ದಿನ ನಾನು ಹೊಸ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ನಡೆದೆ. ಲ್ಯಾಬಿನ ತುಂಬಾ ಗಾಜು. ಲೈಬ್ರರಿಯಲ್ಲಿ ಹೊಸ ಪುಸ್ತಕಗಳ ವಾಸನೆ. ಯಾರೂ ಇಲ್ಲದಾಗ ಮೂಗಿಟ್ಟು ಎಳೆದುಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಬೇರೆ. ಅಲ್ಲಿ ಏನು ಓದಬೇಕೆಂದು ನಮ್ಮನ್ನೇ ಕೇಳುತ್ತಿದ್ದರು. ಸಂಗೀತ ಆರಿಸಿಕೊಂಡರೂ ಮಾರ್ಕ್ಸು, ನಾಟಕ ಆರಿಸಿಕೊಂಡರೂ ಮಾರ್ಕ್ಸು. ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮನೆಗೆ ಬಂದು ಹೇಳಿದರೆ ಅವ್ವ ನಂಬಲೇ ಇಲ್ಲ.

"ನಾಟಕಕ್ಕೂ ಮಾರ್ಕ್ಸಾ? ಹಂಗಾರೆ ನಿಮ್ಮ ಮಾವ ಇಷ್ಟೊತ್ತಿಗೆ ಡಾಕ್ಟರೇ ಆಗ್ಬೇಕಿತ್ತು ಬಿಡು!"

ನಮ್ಮ ಮಾವ ಊರಿನ ನಾಟಕದಲ್ಲಿ ಪ್ರತಿ ಸಲ ದುರ್ಯೋಧನ.

ಹತ್ತನೆಯ ಕ್ಲಾಸಿಗೆ ಬಂದಾಗ ನಮ್ಮ ಕ್ಲಾಸ್ ಟೀಚರ್ ಅನಿತಾ ಮಿಸ್ ನಮ್ಮನ್ನೆಲ್ಲ ಕೂರಿಸಿಕೊಂಡು, ಶಾಲೆ ಮುಗಿಸಲು ಏನೇನು ಬೇಕೆಂದು ವಿವರಿಸಿದರು. ವಿಷಯಗಳಲ್ಲಿ ಪಾಸಾಗಬೇಕು. ಸ್ವಂತದ್ದೊಂದು ಪ್ರಾಜೆಕ್ಟ್ ಮಾಡಬೇಕು. ಅದರ ಜೊತೆಗೆ ಊರಿನವರಿಗಾಗಿ ಏನಾದರೂ ಸೇವೆ ಮಾಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸರ್ಟಿಫಿಕೇಟಿಲ್ಲ, ಮುಂದಿನ ಎರಡು ವರ್ಷದ ಕೋರ್ಸಿಗೆ ಸೇರಿಸಿಕೊಳ್ಳುವುದಿಲ್ಲ. ಬೇರೆಯವರಾದರೆ ಇನ್ನೊಂದು ಶಾಲೆಗೆ ಹೋಗುತ್ತಿದ್ದರು. ನನಗೆ ಈ ಸೀಟು ಹೋದರೆ ಓದೇ ಹೋಯಿತು.

ಬ್ರಹ್ಮಗಿರಿಯ ಬಂಡೆಯ ಮೇಲಿನ ಹಳೆಯ ಶಾಸನದ ಬಗ್ಗೆ ಪ್ರಾಜೆಕ್ಟ್ ಮಾಡಿ ಮುಗಿಸಿದೆ. ಸೇವೆಯಂತೂ ಸಲೀಸು ಎಂದುಕೊಂಡಿದ್ದೆ. ಅದು ಶೇಂಗಾ ಕೀಳುವ ಕಾಲ. ಪಕ್ಕದ ಮನೆಯ ಗಂಗತ್ತೆಯ ಹೊಲದಲ್ಲಿ ರಜೆಯ ದಿನಗಳಲ್ಲೆಲ್ಲ ಸೊಂಟ ಬೀಳುವ ಹಾಗೆ ಶೇಂಗಾ ಕಿತ್ತು ಬಂದು ಮಿಸ್ಸಿಗೆ ಹೇಳಿದೆ.

"ಕೂಲಿ ಕೊಟ್ಟರಾ, ಮಂಜುಳಾ?"

"ಇಲ್ಲ ಮಿಸ್. ಮುಯ್ಯಿಗೆ ಹೋಗಿದ್ದೆ."

"ಹಾಗೆಂದರೆ?"

"ಇವತ್ತು ನಾವು ಅವರ ಹೊಲಕ್ಕೆ, ನಾಳೆ ಅವರು ನಮ್ಮ ಹೊಲಕ್ಕೆ. ದುಡ್ಡೇನಿಲ್ಲ."

ಮಿಸ್ ಒಳ್ಳೆಯವರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಹಾಗಾದರೆ ಅವರು ತಿರುಗಿ ಕೆಲಸ ಮಾಡಿಕೊಡುತ್ತಾರಲ್ಲ ಪುಟ್ಟಾ? ಸೇವೆ ಅಂದರೆ ಏನನ್ನೂ ವಾಪಸ್ ತೆಗೆದುಕೊಳ್ಳಬಾರದು. ಇದು ಲೆಕ್ಕಕ್ಕೆ ಸೇರುವುದಿಲ್ಲ" ಎಂದರು.

ದಾರಿಯುದ್ದಕ್ಕೂ ಅಳುತ್ತಾ ಬಂದೆ. ಅಳುತ್ತಲೇ ನನಗೊಂದು ಭಾರೀ ಉಪಾಯ ಹೊಳೆಯಿತು. ವಾಪಸ್ ತೆಗೆದುಕೊಳ್ಳದಿದ್ದರೆ ಆಯಿತಲ್ಲ! ನೇರ ಗಂಗತ್ತೆಯ ಮನೆಗೆ ಹೋದೆ. ಅವಳು ಕುದಿಸಿದ ಹಸಿ ಶೇಂಗಾ ಬಸಿಯುತ್ತಿದ್ದಳು, ಉಪ್ಪಿನ ಹಬೆ ಮನೆಯೆಲ್ಲ ತುಂಬಿತ್ತು.

"ಅತ್ತೇ, ನಾಳೆ ನೀನು ನಮ್ಮ ಹೊಲಕ್ಕೆ ಬರೋದು ಬ್ಯಾಡ."

ಗಂಗತ್ತೆಯ ಕೈ ನಿಂತಿತು. "ಯಾಕೆ? ನಿಮ್ಮವ್ವ ಹೇಳಿ ಕಳಿಸಿದ್ಲಾ?"

"ಇಲ್ಲ, ನಾನೇ ಹೇಳ್ತಿದೀನಿ. ನಿನ್ನ ಮುಯ್ಯಿ ನಮಗೆ ಬ್ಯಾಡ."

"ನನ್ನ ಮುಯ್ಯಿ ಬ್ಯಾಡಾಯ್ತಾ? ಆಗ್ಲಿ ಬಿಡವ್ವ, ದೊಡ್ಡೋರ ಸ್ಕೂಲಿಗೆ ಹೋಗ್ತೀಯಲ್ಲ" ಎಂದು ಮುಖ ತಿರುಗಿಸಿದಳು. ಯಾವಾಗಲೂ ಕೇಳದೆಯೇ ಮಡಿಲು ತುಂಬಿಸುತ್ತಿದ್ದವಳು ಅಂದು ಒಂದು ಕಾಯಿಯನ್ನೂ ಕೊಡಲಿಲ್ಲ.

ಮರುದಿನ ನಮ್ಮ ಹೊಲಕ್ಕೆ ಗಂಗತ್ತೆ ಬರಲಿಲ್ಲ. ಅವಳ ಮಾತು ಕೇಳಿ ಉಳಿದ ಹೆಂಗಸರೂ ಬರಲಿಲ್ಲ. ಅಪ್ಪ ಲಾರಿ ಮೇಲೆ ದೂರ ಹೋಗಿದ್ದ. ಅಷ್ಟು ದೊಡ್ಡ ಹೊಲದಲ್ಲಿ ಅವ್ವ, ನಾನು ಇಬ್ಬರೇ. ಆಗಲೇ ನಾನು ಬಾಯಿಬಿಟ್ಟೆ.

ಅವ್ವ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ ಸ್ಕೂಲಿಗಿಷ್ಟು! ಮುಯ್ಯಿ ಬ್ಯಾಡ ಅಂದ್ರೆ ನಿನ್ನ ಸಹವಾಸಾನೇ ಬ್ಯಾಡ ಅಂದಂಗೆ ಕಣೇ. ಈಗ ಯಾವ ಮುಖ ಇಟ್ಕಂಡು ಅವಳ ಮನೆಗೆ ಹೋಗ್ಲಿ?"

ಮಳೆ ನಿಂತು ನೆಲ ಬಿಗಿಯುತ್ತಿತ್ತು. ಮಣ್ಣು ಗಟ್ಟಿಯಾದರೆ ಗಿಡ ಕೈಗೆ ಬರುತ್ತದೆ, ಕಾಯಿ ನೆಲದಲ್ಲೇ ಉಳಿಯುತ್ತದೆ. ಶಾಲೆ ತಪ್ಪಿಸಿ ಅವ್ವನ ಜೊತೆ ಕೀಳತೊಡಗಿದೆ. ಸರ್ಟಿಫಿಕೇಟೂ ಹೋಯಿತು, ಬೆಳೆಯೂ ಹೋಯಿತು ಎಂದುಕೊಳ್ಳುತ್ತಲೇ ಕಿತ್ತೆ.

ನಾನೇಕೆ ಬರುತ್ತಿಲ್ಲವೆಂದು ವಿಚಾರಿಸಲು ಅನಿತಾ ಮಿಸ್ ಹೊಲಕ್ಕೇ ಬಂದರು. ಬದುವಿನ ಮೇಲೆ ನಿಂತು ಅವ್ವ ಹೇಳಿದ್ದನ್ನೆಲ್ಲ ಕೇಳಿಕೊಂಡು ಹೋದರು. ಮಾರನೇ ದಿನ ಬೆಳಿಗ್ಗೆ ನಮ್ಮ ಹೊಲದ ಪಕ್ಕದ ಬಂಡಿದಾರಿಯಲ್ಲಿ ಶಾಲೆಯ ಹಳದಿ ಬಸ್ಸು ಓಲಾಡುತ್ತಾ ಬಂತು! ಅದರಿಂದ ನನ್ನ ಇಡೀ ಕ್ಲಾಸು ಇಳಿಯಿತು, ತಲೆಗೆ ಟೋಪಿ, ಕೈಗೆ ನೀರಿನ ಬಾಟಲಿ. ಶೇಂಗಾ ನೆಲದೊಳಗೆ ಬೆಳೆಯುತ್ತದೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಮೊದಲ ಗಿಡ ಎಳೆದಾಗ ಬೇರಿನ ತುಂಬಾ ತೂಗುತ್ತಿದ್ದ ಕಾಯಿ ನೋಡಿ ಕಿರುಚಿಕೊಂಡರು. ದಿನಾ ನೋಡುತ್ತಿದ್ದ ನನಗೂ ಅವತ್ತು ಅದು ಪವಾಡದ ಹಾಗೆಯೇ ಕಂಡಿತು. ಹಸಿ ಕಾಯಿಯ ತುದಿ ಬಿರಿಸಿ ಕಿವಿಗೆ ಕಚ್ಚಿಸಿ, ಓಲೆ ಮಾಡಿಕೊಳ್ಳುವುದನ್ನು ತೋರಿಸಿದೆ. ಗಂಡು ಹುಡುಗರೂ ಓಲೆ ಹಾಕಿಕೊಂಡೇ ಕಿತ್ತರು.

ಬಿಸಿಲೇರುವ ಹೊತ್ತಿಗೆ ಗಂಗತ್ತೆ ಸೆರಗು ಬಿಗಿದುಕೊಂಡು ಬರುವುದು ಕಾಣಿಸಿತು, ಹಿಂದೆ ಉಳಿದ ಹೆಂಗಸರು.

"ಊರು ಕಾಣದ ಮಕ್ಕಳು ನಿಮ್ಮ ಹೊಲದಾಗೆ ಬಗ್ಗಿರೋವಾಗ ನಾನು ಕಟ್ಟೆ ಮ್ಯಾಲೆ ಕುಂತ್ರೆ ನೋಡಿದೋರು ಏನಂತಾರೆ?" ಎಂದು ಅವ್ವನಿಗೆ ಬೈಯುತ್ತಲೇ ಸಾಲು ಹಿಡಿದಳು. ಅವ್ವ ಅಳುತ್ತಾ ನಕ್ಕಳು. ಮಧ್ಯಾಹ್ನ ಒಣಬಳ್ಳಿಗೆ ಬೆಂಕಿ ಹಾಕಿ ಶೇಂಗಾ ಸುಟ್ಟೆವು. ಎಲ್ಲರ ಮೂತಿಯೂ ಮಸಿ. ಸಂಜೆಗೆ ಹೊಲ ಖಾಲಿ.

ನನ್ನ ಕ್ಲಾಸಿನವರ ಸೇವೆ ಮುಗಿಯಿತು. ನನ್ನದು ಮಾತ್ರ ಹಾಗೇ ಉಳಿಯಿತು, ಸ್ವಂತ ಹೊಲದ ಕೆಲಸ ಸೇವೆಯಾಗುತ್ತದೆಯೇ?

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದಾಗ ಗೇಟಿನ ಬಳಿ ಗದ್ದಲ. ನೋಡಿದರೆ ಅವ್ವ, ಗಂಗತ್ತೆ, ಅವರ ಹಿಂದೆ ಬೀದಿಯ ಹೆಂಗಸರೆಲ್ಲ! ತಲೆಗೆ ಬಟ್ಟೆ, ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ, ಸೊಂಟದಲ್ಲಿ ಬುತ್ತಿ. ಮಳೆಗೆ ನಮ್ಮ ಆಟದ ಬಯಲೆಲ್ಲ ಕಳೆ ಎದ್ದಿತ್ತು. ಅದನ್ನು ಕೀಳಲು ಬಂದಿದ್ದರು. ವಾಚ್‌ಮನ್ ಬಿಡುತ್ತಿಲ್ಲ, ಅವ್ವ ಹೋಗುತ್ತಿಲ್ಲ.

ಮಿಸ್ ಓಡಿಹೋದರು, ಹಿಂದೆಯೇ ನಾನು. "ಬೇಡಮ್ಮಾ, ದಯವಿಟ್ಟು. ನೀವು ತಿರುಗಿ ಕೆಲಸ ಮಾಡಿಕೊಟ್ಟರೆ ಈ ಮಕ್ಕಳು ಮಾಡಿದ್ದು ಸೇವೆ ಅನ್ನಿಸಿಕೊಳ್ಳುವುದಿಲ್ಲ. ಯಾರಿಗೂ ಸರ್ಟಿಫಿಕೇಟ್ ಸಿಗುವುದಿಲ್ಲ."

ಅವ್ವನಿಗೆ ಗಾಬರಿಯಾಯಿತು. ನನ್ನ ಕಡೆ ನೋಡಿದಳು, ಗಂಗತ್ತೆಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಿಮ್ಮ ಕಾಯ್ದೆ ನನಗೆ ಗೊತ್ತಿಲ್ರೀ ಮಿಸ್ಸು. ನೀವು ಇದನ್ನ ತಗಳ್ಳಲಿಲ್ಲ ಅಂದ್ರೆ, ನಾಳೆ ಕಷ್ಟ ಬಂದಾಗ ನಿಮ್ಮನ್ನ ಕರೆಯಾಕೆ ನನಗೆ ಬಾಯಿ ಬರಲ್ಲ."

ಮಿಸ್ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಆಮೇಲೆ ತಾವೇ ಚಿಲಕ ತೆಗೆದು ಗೇಟನ್ನು ಅಗಲಕ್ಕೆ ತಳ್ಳಿದರು.

ಆ ಹೆಂಗಸರು ಹೊಳೆಯುವ ಕಟ್ಟಡಗಳ ನಡುವೆ ಸಾಲಾಗಿ ನಡೆದುಹೋದ ಗತ್ತು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಯಾರೂ ಚಪ್ಪಲಿ ಬಿಡಲಿಲ್ಲ. ಅವರು ಬಯಲಿಗೆ ಬಗ್ಗಿದಾಗ ನಾನೂ ಬಗ್ಗಿದೆ, ನಂತರ ಕ್ಲಾಸಿನವರು, ಕೊನೆಗೆ ಸೀರೆ ಎತ್ತಿ ಕಟ್ಟಿಕೊಂಡು ಮಿಸ್ಸು. ಪ್ರಿನ್ಸಿಪಾಲರ ಹತ್ತಿರ ಅವರು ಏನು ಜಗಳ ಆಡಿದರೋ ಗೊತ್ತಿಲ್ಲ. ಆ ವರ್ಷ ಎಲ್ಲರ ಸೇವೆಯೂ ಲೆಕ್ಕಕ್ಕೆ ಸೇರಿತು. ಗಂಗತ್ತೆಯ ಹೊಲದಲ್ಲಿ ನಾನು ಕಿತ್ತ ಶೇಂಗಾ ಕೂಡ.

ಈಗ ನಾನೇ ಚಳ್ಳಕೆರೆಯ ಒಂದು ಶಾಲೆಯಲ್ಲಿ ಟೀಚರು. ನಮ್ಮ ಶಾಲೆಯ ಮಕ್ಕಳೂ ಸೇವೆ ಮಾಡುತ್ತಾರೆ, ಮೊಬೈಲಿನಲ್ಲಿ ಫೋಟೋ ತಂದು ತೋರಿಸುತ್ತಾರೆ. ಊರಿಗೆ ಶೇಂಗಾ ಕೀಳುವ ಮಷಿನ್ ಬಂದಿದೆ. ಫೋನ್ ಮಾಡಿದರೆ ಬರುತ್ತದೆ, ದುಡ್ಡು ತೆಗೆದುಕೊಂಡು ಹೋಗುತ್ತದೆ. ಅವ್ವನ ಸೊಂಟನೋವು ಕಡಿಮೆಯಾಗಿದೆ, ಅದಕ್ಕೆ ನಾನು ಮಷಿನನ್ನು ಬೈಯಲಾರೆ. ಮುಯ್ಯಿಗೆ ಮಾತ್ರ ಯಾರೂ ಯಾರನ್ನೂ ಕರೆಯುವುದಿಲ್ಲ.

ಹೋದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ತನ್ನ ಹೊಲದ, ಮಷಿನ್ ತಿರುಗದ ಮೂಲೆಯಲ್ಲಿ ಗಂಗತ್ತೆ ಒಬ್ಬಳೇ ಕೂತು ಉಳಿದ ಗಿಡ ಕೀಳುತ್ತಿದ್ದಳು. ಬೆನ್ನು ಬಾಗಿತ್ತು. ನಾನೂ ಕೂತು ಆ ಮೂಲೆ ಮುಗಿಸಿಕೊಟ್ಟೆ. ಮಡಿಲಿಗೆ ಕಾಯಿ ಸುರಿದು ಗಂಗತ್ತೆ ನನ್ನ ಕೆನ್ನೆ ಸವರಿದಳು.

"ನಾಳೆ ನಿಮ್ಮ ಹೊಲಕ್ಕೆ ಬರ್ತೀನಿ ಕಣೇ ಮಂಜೀ."

"ಬಾ ಅತ್ತೆ" ಎಂದೆ. ನಮ್ಮ ಹೊಲವನ್ನು ಮಷಿನ್ ಹಿಂದಿನ ದಿನವೇ ಮುಗಿಸಿ ಹೋಗಿತ್ತು.