ಆಮೆಗೆ ಮನೆ ಹುಡುಕಿದ ಮಿತ್ಸುಯೊ ಸಾನ್

ಮನೆ ಬಾಡಿಗೆಗೆ ಕೊಟ್ಟವಳಿಗೆ ಎಂಥೆಂಥ ಜನ ಗಂಟುಬೀಳುತ್ತಾರೆ ಅಂತ ಹೇಳಲು ಕೂತರೆ ಹೊತ್ತು ಸಾಲದು. ಕುಡಿದು ಬಂದು ಪಕ್ಕದ ಮನೆಯ ಬಾಗಿಲಿಗೆ ತನ್ನ ಕೀಲಿಕೈ ಹಾಕಿ ತಿರುಗಿಸುತ್ತಾ ನಿಂತವನನ್ನು ಕಂಡಿದ್ದೇನೆ. ಬಾಡಿಗೆ ಕೇಳಿದಾಗಲೆಲ್ಲ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದವಳನ್ನೂ ಕಂಡಿದ್ದೇನೆ. ಆದರೆ ಮಹಡಿಯ ಮೂಲೆಮನೆಯ ಮಿತ್ಸುಯೊ ಸೆರಿಜಾವಾ ಅಂಥವಳು ಇನ್ನೊಬ್ಬಳಿಲ್ಲ. ನಲ್ಲಿ ಸೋರಿದರೆ ನನಗೆ ಹೇಳುವುದಿಲ್ಲ, ಕೆಳಗೊಂದು ಪಾತ್ರೆ ಇಟ್ಟು ಸುಮ್ಮನಿರುತ್ತಾಳೆ. ಪಾತ್ರೆ ತುಂಬಿ ಹರಿದು, ಕೆಳಮನೆಯ ಕಾನ್ನೊ ಸಾನ್ ತಲೆಯ ಮೇಲೆ ತೊಟ್ಟಿಕ್ಕಿದಾಗಲೇ ನನಗೆ ಗೊತ್ತಾಗುವುದು. ಯಾಕಮ್ಮಾ ಹೇಳಲಿಲ್ಲ ಅಂದರೆ, "ನಿಮಗ್ಯಾಕೆ ತೊಂದರೆ ಅಂತ, ಓನರಮ್ಮಾ" ಅಂತ ಸೊಂಟ ಬಗ್ಗಿಸಿ ನಿಲ್ಲುತ್ತಾಳೆ. ನೆಮ್ಮದಿಯಾಗಿ ಕೋಪ ಮಾಡಿಕೊಳ್ಳಲೂ ಬಿಡದ ಹೆಂಗಸು.

ವಯಸ್ಸು ಅರವತ್ತು ದಾಟಿದೆ, ಮದುವೆ ಆಗಿಲ್ಲ. ನಮ್ಮ ನುಮಾಜು ಬಂದರಿನ ಹಿಂದಿನ ಬೀದಿಯಲ್ಲಿ ಒಣಮೀನು ಮಾಡುವ ಶೆಡ್ಡೊಂದರಲ್ಲಿ ಕೆಲಸ. ಬೆಳಗಿನ ಜಾವಕ್ಕೆ ರಬ್ಬರ್ ಬೂಟು ಮೆಟ್ಟಿಕೊಂಡು ಹೋಗಿ, ಅಜಿ ಮೀನನ್ನು ಸೀಳಿ, ಬಿಚ್ಚಿ, ಉಪ್ಪುನೀರಿನಲ್ಲಿ ಅದ್ದಿ, ಜಾಲರಿಯ ಮೇಲೆ ಸಾಲಾಗಿ ಹರಡಿ, ಊಟದ ಹೊತ್ತಿಗೆ ವಾಪಸ್ಸು. ಆಮೇಲೆ ರೇಡಿಯೊ, ಬಟ್ಟೆ ಒಗೆಯುವುದು, ಬಾಲ್ಕನಿಯ ಈರುಳ್ಳಿ ಸೊಪ್ಪಿಗೆ ನೀರು. ಆಕೆಯ ಮನೆಗೆ ಒಬ್ಬರೂ ಬಂದದ್ದನ್ನು ನಾನು ನೋಡಿರಲಿಲ್ಲ, ಆಮೆ ಬರುವವರೆಗೆ.

ಆ ಆಮೆ ಶೆಡ್ಡಿನ ಯಜಮಾನ್ತಿ ಫುಸಾಯೊ ಅಜ್ಜಿಯದು. ನೀರಿನ ಆಮೆಯಲ್ಲ, ನೆಲದ ಮೇಲೆ ಓಡಾಡುವಂಥದು, ಊಟದ ತಟ್ಟೆಯಷ್ಟು ಅಗಲ. ಮಗ ಶಾಲೆಗೆ ಸೇರಿದ ವರ್ಷ ತಂದಿದ್ದಂತೆ. ಆ ಮಗನ ತಲೆ ಈಗ ಬೋಳಾಗಿದೆ. ಕೆಲಸದ ಹೆಂಗಸರು ಆಮೆಗೆ ಕಾಚೋ, ಅಂದರೆ ಸೆಕ್ಷನ್ ಆಫೀಸರ್, ಅಂತ ಹೆಸರಿಟ್ಟಿದ್ದರು. ತಡವಾಗಿ ಏಳುವುದು, ಎಲ್ಲರೂ ಬೆನ್ನು ಬಗ್ಗಿಸಿ ದುಡಿಯುವಾಗ ನಡುವೆ ಒಂದು ಸುತ್ತು ಹಾಕುವುದು, ಊಟಕ್ಕೆ ಎಲ್ಲರಿಗಿಂತ ಮೊದಲು ಹಾಜರಾಗುವುದು. ಹೆಸರು ತಪ್ಪು ಅಂತ ಹೇಳುವಂತಿರಲಿಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಫುಸಾಯೊ ಅಜ್ಜಿ ಮೊಣಕಾಲು ಕೈಕೊಟ್ಟಿತು ಅಂತ ತಾವೇ ವೃದ್ಧಾಶ್ರಮಕ್ಕೆ ಹೊರಟರು. ಅಲ್ಲಿ ಆಮೆಗೆ ಜಾಗವಿಲ್ಲ. ಮಗ, "ಶಿಜುವೋಕಾದಲ್ಲಿ ಹಾವು ಓತಿಕ್ಯಾತ ಮಾರೋ ಅಂಗಡಿ ಇದೆ, ಅಲ್ಲಿಗೆ ಕೊಟ್ಬಿಡೋಣ" ಅಂದನಂತೆ. ಆಗ ಮೀನಿನ ಕತ್ತಿ ಹಿಡಿದು ನಿಂತಿದ್ದ ಮಿತ್ಸುಯೊ ಸಾನ್, "ನಾನು ಕರ್ಕೊಂಡು ಹೋಗ್ತೀನಿ" ಅಂದುಬಿಟ್ಟಳಂತೆ. ಶೆಡ್ಡಿನಲ್ಲಿ ಆಕೆಯ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು ಅಂತ ಜೊತೆಯವರು ನಗಾಡಿಕೊಂಡು ನನಗೆ ಹೇಳಿದರು.

ನನಗೆ ಹೇಳಬೇಕಾದವಳು ಮಾತ್ರ ಹೇಳಲಿಲ್ಲ. ತೋಟದ ಪರ್ಸಿಮನ್ ಹಣ್ಣು ಕೊಡೋಣ ಅಂತ ಒಂದು ದಿನ ಮಹಡಿ ಹತ್ತಿದರೆ, ಕಾಲು ಬೆಚ್ಚಗಿಡುವ ಕೊತಾತ್ಸು ಮೇಜಿನ ರಜಾಯಿಯ ಅಡಿಯಿಂದ ಒಂದು ಮುದಿ ತಲೆ ಹೊರಗೆ ಬಂದು ನನ್ನನ್ನೇ ನೋಡಿತು. ನನ್ನ ಎದೆ ಧಸಕ್ಕೆಂದಿತು. ಅದಕ್ಕಿಂತ ಜೋರಾಗಿ ಧಸಕ್ಕೆಂದದ್ದು ನೆಲ ನೋಡಿದಾಗ. ಅದೇ ಬೇಸಿಗೆಯಲ್ಲಿ ಹೊಸ ಹುಲ್ಲು ಹೊದಿಸಿದ, ನೆಲದಲ್ಲಿ ಒತ್ತಾಗಿ ಕೂರಿಸಿದ ದಪ್ಪ ತತಾಮಿ ಚಾಪೆಗಳು, ಇನ್ನೂ ಹಸಿರು ವಾಸನೆ ಹೋಗಿರಲಿಲ್ಲ. ಅಂಚಿನಲ್ಲಿ ಇಲಿ ಕೆರೆದ ಹಾಗೆ ಎದ್ದಿದ್ದವು.

"ಏನ್ ಮಿತ್ಸುಯೊ ಸಾನ್ ಇದು? ಮೀನು, ಹಕ್ಕಿ, ಪೆಟ್ಟಿಗೆ ಒಳಗಿರೋದು ಏನಾದ್ರೂ ಇಟ್ಕೊಳ್ಳಿ ಅಂದಿದ್ದೆ. ತತಾಮಿ ಮೇಲೆ ಪ್ರಾಣಿ ಓಡಾಡಕೂಡದು ಅಂತ ಮೊದಲ ದಿನಾನೇ ಹೇಳಿರಲಿಲ್ವಾ?"

"ತಪ್ಪಾಯ್ತು. ತುಂಬ ತಪ್ಪಾಯ್ತು." ಹಣೆ ನೆಲ ಮುಟ್ಟುವ ಹಾಗೆ ಬಗ್ಗಿದಳು. ಪಕ್ಕದಲ್ಲಿ ಕಾಚೋ ಕೂಡ ತಲೆ ಒಳಗೆ ಎಳೆದುಕೊಂಡ.

"ವರ್ಷದ ಕೊನೆಗೆ ಎಲ್ಲ ಮನೆ ಗುಡಿಸಿ ತೊಳೆಯೋ ದಿನ ನಾನು ಬಂದು ನೋಡ್ತೀನಿ. ಅಷ್ಟರೊಳಗೆ ಅವನಿಗೊಂದು ಸರಿಯಾದ ಮನೆ ಮಾಡಿ. ಚಾಪೆ ಹಾಳಾಗಬಾರದು, ಕೆಳಗಿನವರಿಗೆ ಸದ್ದು ಕೇಳಬಾರದು. ಆಗಲಿಲ್ಲ ಅಂದ್ರೆ ಆ ಅಂಗಡಿಗೇ ಕೊಟ್ಬಿಡಿ. ಆಯ್ತಾ?"

"ಆಯ್ತು, ಓನರಮ್ಮಾ." ಅಷ್ಟು ಹೇಳುವಾಗ ಆಕೆಯ ಕೈ ಆಮೆಯ ಬೆನ್ನ ಮೇಲಿತ್ತು.

ಮೊದಲು ಪೇಟೆಯ ಅಂಗಡಿಗೆ ಹೋದಳು. ಇಂಥ ಪ್ರಾಣಿಗಳಿಗೇ ಮಾಡಿದ ಗಾಜಿನ ಬಾಗಿಲಿನ ಪೆಟ್ಟಿಗೆಯ ಬೆಲೆ ನನ್ನ ಮನೆಯ ಬಾಡಿಗೆಗಿಂತ ಜಾಸ್ತಿ. ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹೊತ್ತು ತಂದಳು, ಅಗ್ಗವೇನೋ ಹೌದು, ಆದರೆ ಕಾಚೋ ಒಂದು ಸಲ ತಿರುಗಿದರೆ ಮೂತಿ ಈ ಕಡೆ, ಬಾಲ ಆ ಕಡೆ ತಗಲುತ್ತಿತ್ತು. "ಇಷ್ಟು ಇಕ್ಕಟ್ಟಲ್ಲಿ ಹೇಗೆ ಬಿಡೋದು ಓನರಮ್ಮಾ, ಶೆಡ್ಡೆಲ್ಲ ತಿರುಗಾಡಿದವನು" ಅಂತ ಅದಕ್ಕೆ ತನ್ನ ಸ್ವೆಟರುಗಳನ್ನು ತುಂಬಿಟ್ಟಳು. ನಾನೇನು ಅಭಿಪ್ರಾಯ ಕೇಳಿದ್ದೆನೇ? ಆದರೂ ಹೇಳಿದಳು. ಆಮೆ ಬಂದಮೇಲೆ ಹೆಂಗಸು ಸ್ವಲ್ಪ ಮಾತು ಕಲಿತಿದ್ದಳು.

ಕಾನ್ನೊ ಸಾನ್ ಹಳೇ ಮೀನಿನ ತೊಟ್ಟಿ ಕೊಟ್ಟರು. ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದು ನಿವೃತ್ತರಾದ ಮನುಷ್ಯ, ಬಾಯಿ ಸುಮ್ಮನಿರುವುದಿಲ್ಲ. ದೊಡ್ಡ ಗಾಜಿನ ತೊಟ್ಟಿ, ಬಿಟ್ಟಿ. ಎಲ್ಲ ಸರಿಹೋಯಿತು ಅಂದುಕೊಂಡೆವು. ಆದರೆ ಗಾಜು ಅಂದರೇನು ಅಂತ ಆಮೆಗೇನು ಗೊತ್ತು? ಆಚೆ ಕೋಣೆ ಕಾಣುತ್ತದೆ, ದಾರಿ ಇದೆ ಅಂದುಕೊಳ್ಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಚಿಪ್ಪಿನಿಂದ ಟೊಕ್, ಟೊಕ್ ಅಂತ ಗಾಜಿಗೆ ಗುದ್ದುವುದೇ ಕೆಲಸ.

"ಓನರಮ್ಮಾ, ಮೇಲ್ಗಡೆ ಮಿತ್ಸುಯೊ ಸಾನ್ ಬಡಗಿ ಕೆಲಸ ಶುರು ಮಾಡಿದಾರಾ?" ಅಂತ ಕಾನ್ನೊ ಸಾನ್ ಮೂರನೇ ದಿನಕ್ಕೆ ನನ್ನ ಬಾಗಿಲಿಗೆ ಬಂದರು.

"ತೊಟ್ಟಿ ಕೊಟ್ಟ ಪುಣ್ಯಾತ್ಮರು ಯಾರೋ?"

"ಕೊಟ್ಟಿದ್ದು ನಿಜ. ವಾಪಸ್ ಇಸ್ಕೊಳ್ಳೋಣ ಅಂತಾನೇ ಬಂದೆ."

ಆಮೇಲೆ ಮಿತ್ಸುಯೊ ಸಾನ್‌ಗೆ ಒಂದು ಭಾರೀ ಉಪಾಯ ಹೊಳೆಯಿತು. ಶೆಡ್ಡಿನ ಹಿಂದೆ ಹಳೇ ಕಾಲದ ಮರದ ಮೀನುಪೆಟ್ಟಿಗೆಗಳು ಬಿದ್ದಿದ್ದವು. ಅಗಲ, ಗಟ್ಟಿ, ಗಾಜಿಲ್ಲ, ಖರ್ಚಿಲ್ಲ. ಎರಡು ಪೆಟ್ಟಿಗೆ ತಂದು ಬಿಸಿನೀರು, ಸೋಪು, ತೆಂಗಿನ ನಾರಿನ ಬ್ರಷ್ಷು ಎಲ್ಲ ಹಾಕಿ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿ, ನನ್ನನ್ನು ಕರೆದಳು. ನಾನು ಮೂಗು ಹತ್ತಿರ ಇಟ್ಟು ನೋಡಿದೆ. "ಏನೂ ವಾಸನೆ ಇಲ್ಲ, ಪರವಾಗಿಲ್ಲ" ಅಂದೆ. ಕಾನ್ನೊ ಸಾನ್ ಕೂಡ ಮೂಸಿ ನೋಡಿ, "ಹೊಸ ಮರದ ಹಾಗಿದೆ" ಅಂದರು. ಹುಟ್ಟಿದಂದಿನಿಂದ ಒಣಮೀನಿನ ಗಾಳಿ ಕುಡಿದು ಬೆಳೆದ ನಮ್ಮ ಮೂರು ಮೂಗುಗಳನ್ನು ನಂಬಿ ಆಮೆಯ ಗೃಹಪ್ರವೇಶ ಆಯಿತು.

ಮರುದಿನ ಮಧ್ಯಾಹ್ನ ಮಹಡಿಯಿಂದ ಕಿರುಚಿದ್ದು ಕೇಳಿ ಓಡಿಹೋದೆ. ಗಾಳಿಗೆ ಅಂತ ಬಾಲ್ಕನಿ ಬಾಗಿಲು ಸ್ವಲ್ಪ ತೆರೆದಿತ್ತು. ಬಂದರಿನ ಬೆಕ್ಕುಗಳೆಲ್ಲ ಒಳಗೆ! ಪೆಟ್ಟಿಗೆಯ ಸುತ್ತ ಬಾಲ ಸುತ್ತಿಕೊಂಡು ಕುಳಿತು, ಸರದಿಯ ಮೇಲೆ ಮರವನ್ನು ನೆಕ್ಕುತ್ತಿವೆ. ಕಿವಿ ಹರಿದ ಒಂದು ಕರಿಬೆಕ್ಕು ಕಾಚೋನ ಬೆನ್ನ ಮೇಲೇ ಆಸನ ಹಾಕಿದೆ. ಮಿತ್ಸುಯೊ ಸಾನ್ ಪೊರಕೆ ಹಿಡಿದುಕೊಂಡು, "ದಯವಿಟ್ಟು ಹೋಗಿ, ದಯವಿಟ್ಟು" ಅಂತ ಬೆಕ್ಕುಗಳನ್ನು ಬಹುವಚನದಲ್ಲಿ ಬೇಡಿಕೊಳ್ಳುತ್ತಿದ್ದಾಳೆ. ನನ್ನ ಹಿಂದೆ ಬಂದ ಕಾನ್ನೊ ಸಾನ್, "ಸೆಕ್ಷನ್ ಆಫೀಸರು ಮೀಟಿಂಗ್ ಕರೆದ ಹಾಗಿದೆ" ಅಂದರು. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. ಆದರೆ ಆಮೇಲೆ ಕಾಚೋ ಎರಡು ದಿನ ತಲೆ ಹೊರಗೆ ಹಾಕಲಿಲ್ಲ, ಸೊಪ್ಪು ಮುಟ್ಟಲಿಲ್ಲ. ಮಿತ್ಸುಯೊ ಸಾನ್ ಕೂಡ ಸರಿಯಾಗಿ ಉಣ್ಣಲಿಲ್ಲ ಅಂತ ಆಕೆಯ ಮುಖವೇ ಹೇಳುತ್ತಿತ್ತು. ಡಿಸೆಂಬರ್ ಅರ್ಧ ಕಳೆದಿತ್ತು. ನಗು ನಿಂತುಹೋಯಿತು.

ಅದಾದ ಮೇಲೆ ಒಂದು ಭಾನುವಾರ ಮೇಲಿನಿಂದ ಗರಗಸದ ಸದ್ದು ಕೇಳಿಸಿತು. ನಾನು ಹೋಗಲಿಲ್ಲ. ಗಡುವು ಕೊಟ್ಟಾಯಿತು, ದಿನಾ ಹೋಗಿ ಇಣುಕಿದರೆ ಚೆನ್ನಾಗಿರುವುದಿಲ್ಲ. ಸೊಪ್ಪಿನ ಅಂಗಡಿಯಲ್ಲಿ ಸಿಕ್ಕಾಗ ಮಾತ್ರ, "ಏನಾಯ್ತು?" ಅಂದೆ. "ಈ ಸಲ ಇಷ್ಟಪಟ್ಟಿದ್ದಾನೆ" ಅಂದಳು. ಮುಖವೆಲ್ಲ ನಗು. ಎರಡು ಕಟ್ಟು ಕೊಮಾತ್ಸುನಾ ಸೊಪ್ಪು ಕೊಂಡಳು, ಒಂದು ತನಗೆ, ಒಂದು ಅವನಿಗೆ.

ವರ್ಷದ ಕೊನೆಯ ಗುಡಿಸಿ ತೊಳೆಯುವ ದಿನ ನಾನು ತಲೆಗೆ ಬಟ್ಟೆ ಕಟ್ಟಿಕೊಂಡು, ಎಲ್ಲ ಮನೆ ನೋಡಿ ಮುಗಿಸಿ, ಕೊನೆಗೆ ಆಕೆಯ ಬಾಗಿಲು ತಟ್ಟಿದೆ. ಆಕೆ ಕೋಟು ಹಾಕಿಕೊಂಡು, ಬೂಟು ಹಾಕಲು ಸಿದ್ಧವಾಗಿ ಹೊಸಿಲಲ್ಲೇ ಕುಳಿತಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಟವೆಲ್ ಸುತ್ತಿದ ಕಾಚೋ. ಪಕ್ಕದಲ್ಲಿ ನನಗಾಗಿ ಕಾಗದ ಸುತ್ತಿ ದಾರ ಕಟ್ಟಿದ ಒಣಮೀನಿನ ಪೊಟ್ಟಣ, ಶೆಡ್ಡಿನ ಅತ್ಯುತ್ತಮ ಮಾಲು, ಕ್ಷಮೆ ಕೇಳುವಾಗ ನಮ್ಮ ಬೀದಿಯಲ್ಲಿ ಕೊಡುವುದೇ ಅದು.

"ಎಲ್ಲಿಗೆ?"

"ಶಿಜುವೋಕಾಗೆ. ಅಂಗಡಿಯವರಿಗೆ ಫೋನ್ ಮಾಡಿದೀನಿ. ಐದು ಗಂಟೆವರೆಗೆ ತೆಗೆದಿರ್ತಾರಂತೆ."

"ಮನೆ ಇಷ್ಟ ಆಗಿದೆ ಅಂದಿದ್ರಲ್ಲ?"

"ಅವನಿಗೆ ಇಷ್ಟ ಆಗಿದೆ. ಇವತ್ತು ಎತ್ತಿ ಗುಡಿಸೋಣ ಅಂತ ನೋಡಿದ್ರೆ ಅಡಿಯಲ್ಲಿ ಚಾಪೆಗೆ ತೇವ ಹಿಡಿದಿದೆ, ಓನರಮ್ಮಾ. ಪ್ಲಾಸ್ಟಿಕ್ ಹಾಳೆ ಹಾಕಿದ್ದೆ, ಆದ್ರೂ ಕಪ್ಪಾಗಿದೆ. ಮಾತು ಕೊಟ್ಟಿದ್ದೆ. ತುಂಬ ತೊಂದರೆ ಕೊಟ್ಟೆ ನಿಮಗೆ."

ನಾನು ಆಕೆಯನ್ನು ದಾಟಿ ಒಳಗೆ ಹೋದೆ. ಕಿಟಕಿಯ ಬಿಸಿಲು ಬೀಳುವಲ್ಲಿ ಎರಡು ಉದ್ದನೆಯ ಮರದ ಡ್ರಾಯರುಗಳನ್ನು ಪಕ್ಕಪಕ್ಕ ಜೋಡಿಸಿ, ನಡುವಿನ ಹಲಗೆಯಲ್ಲಿ ಒಂದು ಪುಟ್ಟ ಬಾಗಿಲು ಕೊರೆದಿದ್ದಳು. ಒಂದರಲ್ಲಿ ಮಣ್ಣು, ತೆಂಗಿನ ನಾರಿನ ಪುಡಿ, ಮೇಲೊಂದು ದೀಪ. ಇನ್ನೊಂದರಲ್ಲಿ ಚಪ್ಪಟೆ ಕಲ್ಲು, ನೀರಿನ ತಟ್ಟೆ, ಮಲಗಲು ಒಡೆದ ಹೂಕುಂಡ. ಒಳಗೆ ಇರುವವನಿಗೆ ಹೊರಗೇನೂ ಕಾಣದು, ಗುದ್ದಲು ಕಾರಣವೇ ಇಲ್ಲ. ನನಗೇ ಅಸೂಯೆಯಾಯಿತು, ಅಷ್ಟು ಚೊಕ್ಕಟ. ಮರ ಮುಟ್ಟಿ ನೋಡಿದೆ. ನುಣುಪು, ಹಗುರ, ಕೈಗೆ ಬೆಚ್ಚಗಿತ್ತು. ನಮ್ಮಲ್ಲಿ 'ಕಿರಿ' ಅನ್ನುವ ಜಾತಿಯ ಮರ! ತಿರುಗಿ ನೋಡಿದರೆ ಗೋಡೆಯ ಬಳಿ ಬಟ್ಟೆಯ ಬೀರು ನಿಂತಿದೆ, ಕೆಳಗಿನ ಎರಡು ಖಾನೆ ಖಾಲಿ, ಹಲ್ಲುದುರಿದ ಬಾಯಿಯ ಹಾಗೆ.

ಹೆಣ್ಣು ಹುಟ್ಟಿದರೆ ಅಂಗಳದಲ್ಲಿ ಕಿರಿ ಮರದ ಸಸಿ ನೆಟ್ಟು, ಮದುವೆಗೆ ಅದರಿಂದ ಬೀರು ಮಾಡಿಸಿ ಗಂಡನ ಮನೆಗೆ ಕಳಿಸುತ್ತಿದ್ದ ಕಾಲ ನಮ್ಮದು. ನನ್ನ ಬೀರನ್ನು ನಾನು ಇವತ್ತಿಗೂ ಯಾರಿಗೂ ಮುಟ್ಟಗೊಡುವುದಿಲ್ಲ.

"ಇದು ನಿಮ್ಮಮ್ಮ ಮಾಡಿಸಿದ್ದಾ?"

"ಹೂಂ. ಮರ ಕಡಿಸಿ, ಬೀರು ಮಾಡಿಸಿ ಕಾದ್ರು ಪಾಪ. ನನಗೆ ಮದುವೆ ಆಗಲಿಲ್ಲ. ಕೆಳಗಿನ ಖಾನೆಯಲ್ಲಿ ಕಿಮೊನೊ ಇಡೋಕೆ ಅಂತ, ಇಡೋದಕ್ಕೆ ಏನೂ ಇರಲಿಲ್ಲ. ಅಷ್ಟು ವರ್ಷ ಖಾಲಿ ಇತ್ತು, ಓನರಮ್ಮಾ." ಆಮೇಲೆ ಸ್ವಲ್ಪ ನಕ್ಕಳು. "ಅವನು ಮಣ್ಣು ಕೆರೆಯೋ ಸದ್ದು ಕೇಳ್ತಾ ಕೂತಿದ್ರೆ, ಮನೇಲಿ ಯಾರೋ ಇದ್ದಾರೆ ಅನ್ಸುತ್ತೆ."

ನನಗೆ ಎಲ್ಲಿತ್ತೋ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ.

"ಏನಮ್ಮಾ, ತಲೆ ಇದೆಯಾ ನಿಮಗೆ? ಅಮ್ಮ ಮಾಡಿಸಿದ ಬೀರನ್ನು ಗರಗಸ ಹಾಕಿ ಕೊಯ್ದು ಅವನಿಗೆ ಮನೆ ಮಾಡಿ, ಈಗ ನನ್ನ ಹುಲ್ಲುಚಾಪೆ ಒದ್ದೆ ಆಯ್ತು ಅಂತ ಅವನನ್ನ ಮಾರೋ ಅಂಗಡೀಲಿ ಬಿಟ್ಟು ಬರ್ತೀರಾ? ಒಂದು ಮಾತು ಕೇಳೋಕಾಗಲ್ವಾ? 'ಓನರಮ್ಮಾ, ಇವನನ್ನ ಇಲ್ಲೇ ಇಟ್ಕೋತೀನಿ' ಅಂತ ಬಾಯಿಬಿಟ್ಟು ಕೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ?"

ಆಕೆ ಚೀಲವನ್ನು ಎದೆಗೆ ಒತ್ತಿಕೊಂಡಳು. ನಾನು ಕಾದೆ. ಆ ದಿನ ಆಕೆ ಕೇಳದೆ ನಾನೂ ಅಲ್ಲಿಂದ ಕದಲುವವಳಾಗಿರಲಿಲ್ಲ.

"ಇಟ್ಕೋತೀನಿ," ಅಂದಳು. ಆಮೇಲೆ ಗಟ್ಟಿಯಾಗಿ, "ಓನರಮ್ಮಾ, ಇವನನ್ನ ಇಟ್ಕೋತೀನಿ. ಒಪ್ಕೊಳ್ಳಿ." ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಧೂಳು ಅಂದುಕೊಳ್ಳಲಿ ಅಂತ ತಲೆಬಟ್ಟೆಯ ತುದಿಯಿಂದ ಒರೆಸಿಕೊಂಡೆ.

ಕೆಳಗೆ ಹೋಗಿ ಕಾನ್ನೊ ಸಾನ್ ಹತ್ತಿರ ದೊಡ್ಡ ಸ್ಕ್ರೂಡ್ರೈವರ್ ತಂದೆ. ನಾಲ್ಕೂವರೆ ಚಾಪೆ ಹಿಡಿಸುವ ಕೋಣೆ ಅದು, ಆ ಅರ್ಧ ಚಾಪೆಯೊಂದನ್ನು ಬೇರೆಯಾಗಿಯೇ ಎತ್ತಬಹುದು. ಅದರ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದೆ. ಚಾಪೆ ಎದ್ದಿತು, ಅಡಿಯಲ್ಲಿ ಹಳೇ ಪೇಪರು, ಗಟ್ಟಿ ಹಲಗೆ. ಕಿಟಕಿಯ ಬಿಸಿಲು ನೇರವಾಗಿ ಅದೇ ಗುಣಿಯಲ್ಲಿ ಬಿತ್ತು.

"ಚಾಪೆ ಮೇಲೆ ಪ್ರಾಣಿ ಇರಕೂಡದು ಅಂದಿದ್ದೆ. ಈಗ ಇಲ್ಲಿ ಚಾಪೇನೇ ಇಲ್ಲ. ಇಡಿ ನಿಮ್ಮ ಖಾನೆಗಳನ್ನ."

ಜೋಡಿಸಿದ ಡ್ರಾಯರುಗಳು ಆ ಗುಣಿಯಲ್ಲಿ ಬೆರಳು ತೂರುವಷ್ಟು ಜಾಗ ಬಿಟ್ಟು ಕುಳಿತವು. ಆಕೆ ಮಣ್ಣು ಸರಿಮಾಡುವಾಗ ಕಾಚೋನನ್ನು ನನ್ನ ಕೈಗೆ ಕೊಟ್ಟಳು. ನಾನು ಅವನನ್ನು ಮುಟ್ಟಿದ್ದು ಅದೇ ಮೊದಲು. ಅಕ್ಕಿಚೀಲದ ಹಾಗೆ ಭಾರ, ಹೊಟ್ಟೆ ಬೆಚ್ಚಗೆ, ನಾಲ್ಕು ಕಾಲೂ ಗಾಳಿಯಲ್ಲಿ ನಡೆಯುತ್ತಿದ್ದವು.

"ಇದು ಎಷ್ಟು ವರ್ಷ ಬದುಕುತ್ತೆ?" ಅಂದೆ.

"ಇನ್ನೂ ಮೂವತ್ತು ವರ್ಷ ಇರ್ತಾನೆ ಅಂತಾರೆ ಫುಸಾಯೊ ಅಜ್ಜಿ."

"ಹಾಗಾದ್ರೆ ನೀವು ತೊಂಬತ್ತು ದಾಟಬೇಕಾಯ್ತಲ್ಲ, ಮಿತ್ಸುಯೊ ಸಾನ್."

ಮಣ್ಣಿನ ಕೈಯಲ್ಲೇ ಕುಳಿತು ಆಕೆ ಯೋಚಿಸಿದಳು. ಅದುವರೆಗೆ ಆ ಲೆಕ್ಕ ತಲೆಗೆ ಬಂದಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ನನ್ನನ್ನು ನೋಡಿ, ನಾನು ಆಕೆಯ ಬಾಯಲ್ಲಿ ಎಂದೂ ಕೇಳದ ದನಿಯಲ್ಲಿ, ಆಜ್ಞೆ ಮಾಡುವ ಹಾಗೆ ಹೇಳಿದಳು:

"ದಾಟ್ತೀನಿ. ಆದ್ರೆ ನೀವೂ ಇರಬೇಕು, ಓನರಮ್ಮಾ. ಇನ್ಯಾರು ನಮ್ಮಿಬ್ಬರಿಗೆ ಮನೆ ಕೊಡ್ತಾರೆ?"

ನನಗಾಗಲೇ ಎಪ್ಪತ್ತೆರಡು. ಆಯಿತು ಅಂದೆ.